ಕನ್ನಡ ಓದುವವರಿಗೆ ಕೇಳುವವರೂ ಬೇಕು

(ಮಹಿಳಾ ವೇದಿಕೆಯ ಸಂಕ್ರಾಂತಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ಡಿಸೆಂಬರಿನ ಒಂದು ಭಾನುವಾರ ನಮ್ಮ ಕುಷಾಯಿಗೂಡದಿಂದ ಎಂಟು ಜನ ಹೆಂಗಸರು ಸಿಕಂದರಾಬಾದಿಗೆ ಹೋಗಿ, ಒಂದು ಚರ್ಚಿನ ಸಂಜೆಯ ಆರಾಧನೆಯಲ್ಲಿ ಕುಳಿತು, ಆಮೇಲೆ ಹೋಟೆಲಿನಲ್ಲಿ ಊಟ ಮಾಡಿ ಬಂದೆವು. ಸುದ್ದಿ ಇಷ್ಟೇ. ಆದರೆ ಹೋಗಿ ಬಂದ ಮೇಲೆ ಬಹಳ ಜನ ಬೇರೆ ಬೇರೆ ಪ್ರಶ್ನೆ ಕೇಳಿದರು. ಚರ್ಚಿಗೆ ಯಾಕೆ ಹೋದಿರಿ? ಅಲ್ಲಿ ನಮ್ಮಂಥವರನ್ನು ಬಿಡುತ್ತಾರಾ? ರಾತ್ರಿ ಹೇಗೆ ಬಂದಿರಿ? ಮನೆಯಲ್ಲಿ ಏನಂದರು? ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲರ ಮುಂದೆ ಒಮ್ಮೆ ಹೇಳಿ ಎಂದು ಕಾರ್ಯದರ್ಶಿಗಳು ಹೇಳಿದ್ದರಿಂದ ಇವತ್ತು ಮೈಕು ನನ್ನ ಕೈಗೆ ಬಂದಿದೆ.

ಹೋಗುವುದಕ್ಕೆ ಕಾರಣ ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯೆ. ಹೆಸರು ಹೇಳಬೇಡ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಅಕ್ಕ ಎನ್ನುತ್ತೇನೆ. ನಾವೆಲ್ಲ ಅವರನ್ನು ಕರೆಯುವುದೂ ಹಾಗೆಯೇ. ಗದಗ-ಬೆಟಗೇರಿ ಕಡೆಯವರು. ಯಜಮಾನರು ಇ.ಸಿ.ಐ.ಎಲ್.ನಲ್ಲಿ ಕೆಲಸಕ್ಕಿದ್ದರು. 1967ರಲ್ಲಿ ಶುರುವಾದ ಆ ಕಾರ್ಖಾನೆಯಿಂದಾಗಿ ದೇಶದ ಮೂಲೆಮೂಲೆಯ ಸಂಸಾರಗಳು ನಮ್ಮ ಈ ಬಡಾವಣೆಗಳಿಗೆ ಬಂದು ನೆಲೆಸಿದ್ದು ನಿಮಗೆಲ್ಲ ಗೊತ್ತು. ಯಜಮಾನರು ತೀರಿಕೊಂಡ ಮೇಲೂ ಅಕ್ಕ ಇಲ್ಲೇ ಮಗ ಸೊಸೆಯ ಜೊತೆ ಇದ್ದಾರೆ. ರಾಜ್ಯೋತ್ಸವಕ್ಕೆ ಬರುತ್ತಾರೆ, ನಮ್ಮ ಗಣೇಶ ಹಬ್ಬದ ಅಡುಗೆಗೆ ನಿಂತು ಕರಿಗಡುಬು ಕರಿಯುತ್ತಾರೆ. ಭಾನುವಾರ ಚರ್ಚಿಗೆ ಹೋಗುತ್ತಾರೆ.

ನವೆಂಬರ್ ಕೊನೆಯಲ್ಲಿ ಒಂದು ದಿನ ಅಕ್ಕ ಮನೆಗೆ ಬಂದರು. ಅವರ ಚರ್ಚಿನಲ್ಲಿ ಕ್ರಿಸ್‌ಮಸ್ ಗೀತೆಗಳ ಸಂಜೆ ಇದೆ, ಒಂಬತ್ತು ವಾಚನಗಳಿರುತ್ತವೆ, ಈ ಸಲ ಒಂದೊಂದನ್ನು ಒಂದೊಂದು ಭಾಷೆಯವರು ಓದಬೇಕೆಂದು ಸಭಾಪಾಲಕರು ತೀರ್ಮಾನಿಸಿದ್ದಾರೆ, ಕನ್ನಡದ ಪಾಲು ತಮಗೆ ಬಂದಿದೆ ಎಂದರು. ಸಂತೋಷದ ಸುದ್ದಿಯಲ್ಲವೇ ಎಂದೆ. ಅದಕ್ಕೆ ಅವರು ಹೇಳಿದ ಮಾತು ಇದು: "ಸಂತೋಷನ ಯವ್ವಾ. ಆದ್ರ ಅಲ್ಲಿ ಕನ್ನಡ ತಿಳಿಯೋರು ಒಬ್ಬರೂ ಇಲ್ಲ. ಗ್ವಾಡಿ ಮುಂದ ನಿಂತು ಓದಿಧಂಗ ಆಗತೈತಿ. ನೀವು ನಾಕ್ ಮಂದಿ ಬಂದು ಕುಂದರ್ರಿ. ನಾ ನಿಮ್ಮ ಮಾರಿ ನೋಡಿ ಓದತೀನಿ."

ಗೆಳತಿಯರೇ, ನಾವು ಹೋಗಿದ್ದು ಈ ಒಂದು ಮಾತಿಗೆ. ಕನ್ನಡ ಉಳಿಯಬೇಕು, ಬೆಳೆಯಬೇಕು ಎಂದು ನಾವು ಪ್ರತಿ ನವೆಂಬರಿನಲ್ಲೂ ಹೇಳುತ್ತೇವೆ. ಇಲ್ಲಿ ಒಬ್ಬ ಹೆಣ್ಣುಮಗಳು ಹೈದರಾಬಾದಿನಲ್ಲಿ, ನೂರಾರು ಜನರ ಮುಂದೆ ಎದ್ದು ನಿಂತು ಕನ್ನಡ ಓದುತ್ತೇನೆ, ಕೇಳಲು ಬನ್ನಿ ಎನ್ನುತ್ತಿದ್ದಾರೆ. ಹೋಗದಿರಲು ಏನು ಕಾರಣ ಕೊಡಬಹುದು?

ಕಾರಣ ಕೊಡುವವರು ಇದ್ದರು ಅನ್ನಿ. ಸಂಜೆ ಹೊತ್ತು, ಚಳಿ, ದೂರ, ಧನುರ್ಮಾಸ. ಮತಾಂತರದ ಮಾತೂ ಬಂತು. ಆಗ ನಮ್ಮೆಲ್ಲರಿಗಿಂತ ಹಿರಿಯರಾದ, ಮಡಿ-ಮೈಲಿಗೆ ಬಿಡದ ನಮ್ಮ ಅಜ್ಜಿ ಒಬ್ಬರು, "ಕಥೆ ಕೇಳೋದಕ್ಕೆ ಮಡಿ ಯಾಕಮ್ಮ? ಎಷ್ಟು ವರ್ಷದಿಂದ ಅವಳು ನಮ್ಮ ಸತ್ಯನಾರಾಯಣನ ಕಥೆ ಕೇಳಿದ್ದಾಳೆ, ಅವಳೇನು ಬದಲಾದಳಾ? ನಾನೂ ಬರ್ತೀನಿ" ಎಂದರು. ಎಪ್ಪತ್ತನಾಲ್ಕು ವರ್ಷದವರು ಹೊರಟ ಮೇಲೆ ಉಳಿದವರಿಗೆ ನೆಪ ಸಿಗಲಿಲ್ಲ.

ಹೊರಡುವ ಮುಂಚೆ ನಾನು ಒಂದಷ್ಟು ಓದಿಕೊಂಡೆ. ಅದರಲ್ಲಿ ನಿಮಗೂ ಇಷ್ಟವಾಗುವ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಸಿಕಂದರಾಬಾದಿಗೆ ಆ ಹೆಸರು ಬಂದದ್ದು 1806ರಲ್ಲಿ, ನಿಜಾಮ ಸಿಕಂದರ್ ಜಾ ಅವರಿಂದ. ಬ್ರಿಟಿಷರ ದಂಡು ಬೀಡುಬಿಟ್ಟ ಊರಾದ್ದರಿಂದ ಅಲ್ಲಿ ಹಳೆಯ ಚರ್ಚುಗಳು ಹೆಚ್ಚು. ಸೇಂಟ್ ಜಾನ್ಸ್ ಚರ್ಚು 1813ರದ್ದು. ಎಸ್.ಡಿ. ರಸ್ತೆಯಲ್ಲಿ ಬಸ್ಸಿನಿಂದಲೇ ಕಾಣುವ ಸೇಂಟ್ ಮೇರಿಸ್ 1850ರಲ್ಲಿ ಪೂರ್ತಿಯಾಯಿತು, 2008ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಬೊಲ್ಲಾರಂನ ಹೋಲಿ ಟ್ರಿನಿಟಿ ಚರ್ಚು 1847ರದ್ದು, ವಿಕ್ಟೋರಿಯಾ ರಾಣಿಯ ಸ್ವಂತ ಹಣದಿಂದ ಕಟ್ಟಿದ್ದು. 1983ರ ನವೆಂಬರಿನಲ್ಲಿ ಎರಡನೇ ಎಲಿಜಬೆತ್ ರಾಣಿ ಭಾರತಕ್ಕೆ ಬಂದಾಗ ತಮ್ಮ ಮದುವೆಯ ವಾರ್ಷಿಕೋತ್ಸವದ ಪ್ರಾರ್ಥನೆ ಮಾಡಿದ್ದು ಅಲ್ಲೇ.

ಇವೆಲ್ಲ ದೊರೆಗಳ, ದಂಡಿನ ಕಥೆ. ಹಸಿದವರ ಕಥೆಯೂ ಒಂದಿದೆ. ಮೆದಕ್‌ನ ದೊಡ್ಡ ಚರ್ಚನ್ನು ಚಾರ್ಲ್ಸ್ ಪೋಸ್ನೆಟ್ ಎಂಬ ಪಾದ್ರಿ ಕಟ್ಟಿಸಲು ತೊಡಗಿದ್ದು 1914ರಲ್ಲಿ, ಅದು ಪೂರ್ತಿಯಾಗಿ ಪ್ರಾರ್ಥನೆಗೆ ತೆರೆದದ್ದು 1924ರ ಡಿಸೆಂಬರ್ 25ರಂದು. ಬರಗಾಲದ ದಿನಗಳಲ್ಲಿ ಸುಮ್ಮನೆ ಗಂಜಿ ಹಂಚುವ ಬದಲು ಜನರಿಗೆ ಕೆಲಸ ಕೊಟ್ಟು, ಕೂಲಿಯಾಗಿ ಊಟ ಕೊಟ್ಟು ಅದನ್ನು ಕಟ್ಟಿಸಿದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಇನ್ನು ಕನ್ನಡದ ಮಾತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬುವರು ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲೇ ಬೈಬಲನ್ನು ಕನ್ನಡಕ್ಕೆ ತರಲು ಕುಳಿತರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣಾಲಯ ತೆರೆದರು. ಅವರಲ್ಲಿ ಒಬ್ಬರಾದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ, ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನ ಎನ್ನುವುದು. ಮಂಗಳೂರು, ಹುಬ್ಬಳ್ಳಿ, ಧಾರವಾಡ, ಮಡಿಕೇರಿ ಎಂದು ಊರೂರು ತಿರುಗಿದ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು, ಜೊತೆಗೆ ಗಾದೆಗಳು. ಅವರು ಬಂದದ್ದು ಧರ್ಮಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಂದಿಗೂ ಒಂದು ಹಳೆಯ ಪದದ ಅರ್ಥಕ್ಕೆ ವಿದ್ವಾಂಸರು ಕಿಟೆಲ್ ನಿಘಂಟು ತೆರೆಯುತ್ತಾರೆ. ಅಕ್ಕನ ಹಿರಿಯರು ಇಂಥ ಮಿಷನ್ ಶಾಲೆಗಳಲ್ಲಿ ಕನ್ನಡ ಕಲಿತವರು. ಅಕ್ಕನ ತಾಯಿ ಆ ಕಾಲಕ್ಕೇ ಓದು ಬರಹ ಬಲ್ಲವರಾಗಿದ್ದರು. ಅವರು ಬಿಟ್ಟುಹೋದ ಕನ್ನಡ ಸಂಗೀತ ಪುಸ್ತಕ, ಅಂದರೆ ಚರ್ಚಿನಲ್ಲಿ ಹಾಡುವ ಹಾಡುಗಳ ಪುಸ್ತಕ, ಈಗಲೂ ಅಕ್ಕನ ತಲೆದಿಂಬಿನ ಪಕ್ಕದಲ್ಲಿದೆ.

ಆ ಪುಸ್ತಕ ಓದುವವರು ಆ ಮನೆಯಲ್ಲಿ ಈಗ ಅಕ್ಕ ಒಬ್ಬರೇ. ಮಗನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸೊಸೆ ತೆಲುಗಿನವಳು. ಮೊಮ್ಮಗಳು ಶಾಲೆಯಲ್ಲಿ ತೆಲುಗು, ಇಂಗ್ಲಿಷು, ಹಿಂದಿ ಕಲಿಯುತ್ತಾಳೆ. ಇದು ಅವರೊಬ್ಬರ ಮನೆಯ ಮಾತಲ್ಲ. ನಮ್ಮ ಎಷ್ಟು ಮನೆಗಳಲ್ಲಿ ದಾಸರ ಪದದ ಪುಸ್ತಕ, ವಚನದ ಪುಸ್ತಕ ದೇವರ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ, ಅದನ್ನು ತೆರೆದು ಓದುವ ಮಕ್ಕಳು ಎಷ್ಟಿದ್ದಾರೆ, ಲೆಕ್ಕ ಹಾಕಿ.

ಅಕ್ಕನಿಗೆ ಕಣ್ಣಿನ ಪೊರೆ. ಸಣ್ಣ ಅಕ್ಷರ ಕಾಣುವುದಿಲ್ಲ. ಮೊಮ್ಮಗಳು ಆ ಭಾಗವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಲು ಕುಳಿತಳು. ಅಕ್ಷರವನ್ನು ಚಿತ್ರದಂತೆ ನೋಡಿ ನೋಡಿ ಬರೆಯುತ್ತಿದ್ದವಳು ಎರಡನೇ ದಿನಕ್ಕೆ, "ಅಜ್ಜೀ, ಇದು ತೆಲುಗಿನ ಹಾಗೇ ಇದೆಯಲ್ಲ!" ಎಂದಳಂತೆ. ಹೌದಲ್ಲವೇ? ಎರಡೂ ಒಂದೇ ತಾಯಿಯ ಮಕ್ಕಳು. ತಲೆಕಟ್ಟು ಬೇರೆ, ಒಂದು ಹಿಡಿಯಷ್ಟು ಅಕ್ಷರ ಬೇರೆ, ಉಳಿದದ್ದು ಕಂಡರೆ ಗುರುತು ಸಿಗುತ್ತದೆ. ಒಂದು ವಾರದಲ್ಲಿ ಆ ಹುಡುಗಿ ಆ ಒಂದು ಪುಟವನ್ನು ತಡವರಿಸುತ್ತಾ ಓದುವಷ್ಟಾದಳು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ಆ ಭಾನುವಾರ ನಾಲ್ಕೂವರೆಗೆ ನಾವು ಕುಷಾಯಿಗೂಡದಲ್ಲಿ ಬಸ್ಸು ಹತ್ತಿದೆವು. ಸಿಕಂದರಾಬಾದು ಹತ್ತು ಕಿ.ಮೀ. ಆಸುಪಾಸು. 2023ರ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆಯಲ್ಲಿ ತೆಲಂಗಾಣದ ಹೆಂಗಸರಿಗೆ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಕರ್ನಾಟಕದ ನಮ್ಮ ಅಕ್ಕತಂಗಿಯರಿಗೆ ಅದೇ ವರ್ಷ ಜೂನಿನಲ್ಲಿ ಶಕ್ತಿ ಯೋಜನೆ ಬಂತಲ್ಲ, ಹಾಗೆಯೇ. ಇಲ್ಲಿನ ವಿಳಾಸವಿರುವ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಜೀರೋ ಟಿಕೆಟ್ ಹರಿದು ಕೊಡುತ್ತಾರೆ. ಎಂಟು ಜೀರೋ ಟಿಕೆಟ್ ಹಿಡಿದು ಕುಳಿತಾಗ ಅಜ್ಜಿ, "ಸೊನ್ನೆ ರೂಪಾಯಿಗೆ ರಸೀತಿ ಬೇರೆ!" ಎಂದು ನಕ್ಕು, ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಸಂಜೆ ಹೊರಗೆ ಹೋಗಬೇಕೆಂದರೆ ಯಾರನ್ನಾದರೂ ಗಾಡಿಯಲ್ಲಿ ಬಿಡಿ ಎಂದು ಕೇಳಬೇಕಾಗಿದ್ದ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ.

ನಾವು ಹೋದದ್ದು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಗೆ ಸೇರಿದ ಒಂದು ಚರ್ಚಿಗೆ. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಬೇರೆ ಬೇರೆ ಪಂಗಡಗಳು ಸೇರಿ 1947ರ ಸೆಪ್ಟೆಂಬರ್ 27ರಂದು, ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರದಲ್ಲಿ, ಮದ್ರಾಸಿನಲ್ಲಿ ಒಂದಾದ ಸಭೆ ಇದು. ಮಹಿಳಾ ವೇದಿಕೆಯಾದ್ದರಿಂದ ಇನ್ನೊಂದು ಮಾತು ಹೇಳಬೇಕು. 2013ರಲ್ಲಿ ಈ ಸಭೆ ತನ್ನ ಮೊದಲ ಮಹಿಳಾ ಬಿಷಪ್ಪರನ್ನು ಆರಿಸಿತು. ನಂದ್ಯಾಲದ ಎಗ್ಗೋನಿ ಪುಷ್ಪಲಲಿತಾ ಎಂಬ ತೆಲುಗು ಹೆಣ್ಣುಮಗಳು ಅವರು.

ಚರ್ಚಿನೊಳಗೆ ಹೇಗೆ ನಡೆದುಕೊಳ್ಳಬೇಕೆಂದು ಅಕ್ಕ ಬಸ್ಸಿನಲ್ಲೇ ಪಾಠ ಹೇಳಿದ್ದರು. ನಿಮಗೂ ಬೇಕಾಗಬಹುದು. ಎಲ್ಲರೂ ಎದ್ದಾಗ ಏಳುವುದು, ಕೂತಾಗ ಕೂರುವುದು. ಫೋನು ಸೈಲೆಂಟ್. ಹಾಡು, ಪ್ರಾರ್ಥನೆಗೆ ದನಿಗೂಡಿಸಲೇಬೇಕೆಂದಿಲ್ಲ, ಸುಮ್ಮನಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಕಾಣಿಕೆ ಚೀಲ ಬಂದರೆ ಹಾಕಬೇಕೆನಿಸಿದರೆ ಹಾಕಿ, ಇಲ್ಲವಾದರೆ ಪಕ್ಕದವರಿಗೆ ದಾಟಿಸಿ. ರೊಟ್ಟಿ-ದ್ರಾಕ್ಷಾರಸ ಕೊಡುವ ಆರಾಧನೆಯಾದರೆ ಅದು ದೀಕ್ಷಾಸ್ನಾನ ಪಡೆದವರಿಗೆ, ಬಂದ ಅತಿಥಿಗಳು ತಮ್ಮ ಜಾಗದಲ್ಲೇ ಕೂತಿರಬಹುದು. ಆ ಸಂಜೆ ಅದು ಇರಲಿಲ್ಲ. ತೆಲುಗಿನ ಸಭೆಗಳಲ್ಲಿ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಾರೆ. ನಮ್ಮ ಅಜ್ಜಿ ಒಳಗೆ ಕಾಲಿಡುತ್ತಲೇ ತಾವಾಗಿಯೇ ಸೆರಗು ಎಳೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ನಮ್ಮ ಕೈಗೆ ಒಂದೊಂದು ಮೇಣದಬತ್ತಿ ಕೊಟ್ಟು, ಮುಂದಿನಿಂದ ಎರಡನೇ ಸಾಲಿನಲ್ಲಿ ಕೂರಿಸಿದರು. ಅಕ್ಕ ಮೊದಲೇ ಹೇಳಿಟ್ಟಿದ್ದರಂತೆ.

ಒಂಬತ್ತು ವಾಚನ, ಒಂಬತ್ತು ವಾಚನದ ನಡುವೆ ಹಾಡುಗಳು. ಈ ಕ್ರಮ ಇಂಗ್ಲೆಂಡಿನ ಟ್ರೂರೋ ಎಂಬ ಊರಿನಲ್ಲಿ 1880ರಲ್ಲಿ ಶುರುವಾದದ್ದು, 1918ರಿಂದ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ನಡೆಯತೊಡಗಿ ಲೋಕಕ್ಕೆಲ್ಲ ಪರಿಚಯವಾಯಿತು. ಆದಮ್ ಮತ್ತು ಹವ್ವಳ ಕಥೆಯಿಂದ ಹೊರಟು ಯೇಸುವಿನ ಜನನದವರೆಗೆ ಬರುತ್ತದೆ. ಮೊದಲ ವಾಚನ ಚಿಕ್ಕವರಿಂದ, ಆಮೇಲೆ ಹಿರಿಯರು ಎಂಬುದು ವಾಡಿಕೆ. ನಾವು ಹೋದಲ್ಲಿ ಒಬ್ಬ ಪುಟ್ಟ ಹುಡುಗ ಇಂಗ್ಲಿಷಿನಲ್ಲಿ ಓದಿದ. ಆಮೇಲೆ ತೆಲುಗು. ಆಮೇಲೆ ತಮಿಳು. ಮದ್ರಾಸಿನ ದಂಡಿನೊಂದಿಗೆ ತಮಿಳರು ಸಿಕಂದರಾಬಾದಿಗೆ ಬಂದು ಎರಡು ಶತಮಾನವಾಗಿದೆ. ಹಿಂದಿ, ಮಲಯಾಳ. ನಡುವೆ ತೆಲುಗು ಕೀರ್ತನೆಯೊಂದನ್ನು ಹಾಡಿದರು. ತಾಳ, ಹಾರ್ಮೋನಿಯಂ, ಥೇಟ್ ನಮ್ಮ ಭಜನೆಯ ಧಾಟಿ. ತೆಲುಗು ಕ್ರೈಸ್ತ ಕೀರ್ತನೆಗಳಿಗೆ ಕರ್ನಾಟಕ ಸಂಗೀತದ ರಾಗಗಳೇ ಆಧಾರ. ಹತ್ತೊಂಬತ್ತನೇ ಶತಮಾನದ ಪುರುಷೋತ್ತಮ ಚೌಧರಿ ಅಂಥ ಕೀರ್ತನೆಗಳಿಗೆ ಹೆಸರಾದವರು. ನಮ್ಮಲ್ಲಿ ಸಂಗೀತ ಪಾಠ ಹೇಳುವ ಒಬ್ಬರಿದ್ದಾರಲ್ಲ, ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

ಅಕ್ಕನ ಪಾಲಿಗೆ ಬಂದದ್ದು ಹೆರಿಗೆಯ ಕಥೆ. ಜನಗಣತಿಗೆಂದು ತುಂಬು ಬಸುರಿ ಮರಿಯಳು ಗಂಡನ ಊರಿಗೆ ಬರುತ್ತಾಳೆ, ತಂಗಲು ಎಲ್ಲೂ ಜಾಗ ಸಿಗುವುದಿಲ್ಲ, ಮಗು ದನದ ಕೊಟ್ಟಿಗೆಯಲ್ಲಿ ಹುಟ್ಟುತ್ತದೆ. ಅಕ್ಕ ಇಳಕಲ್ ಸೀರೆ ಉಟ್ಟಿದ್ದರು. ಮೊಮ್ಮಗಳು ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಕನ್ನಡಕ ಸರಿಮಾಡಿಕೊಂಡು ಒಮ್ಮೆ ನಮ್ಮ ಸಾಲಿನತ್ತ ನೋಡಿದರು. ಆಮೇಲೆ ಓದಿದರು. ಊರಿನಲ್ಲಿ ಬಿಟ್ಟುಬಂದ ಹಳೆಯ ಕನ್ನಡ, ಸ್ವಲ್ಪ ಗ್ರಾಂಥಿಕ, ಒಂದೊಂದು ಪದವೂ ಬಿಡಿಬಿಡಿಯಾಗಿ. ಅದರಲ್ಲಿ 'ಗೋದಲಿ' ಎಂಬ ಪದ ಬಂತು. ದನಕ್ಕೆ ಮೇವು ಹಾಕುವ ಜಾಗ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಗೆಳತಿಯೊಬ್ಬರು ಥಟ್ಟನೆ ನನ್ನ ಕೈ ಹಿಡಿದರು. ಅವರು ಆ ಪದ ಕೇಳಿ ನಲವತ್ತು ವರ್ಷವಾಗಿತ್ತಂತೆ. ಅವರ ಅಜ್ಜಿ ತೀರಿಕೊಂಡ ಮೇಲೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಹೈದರಾಬಾದಿನ ಚರ್ಚಿನಲ್ಲಿ ಅವರ ತವರಿನ ಕೊಟ್ಟಿಗೆ ಅವರಿಗೆ ಸಿಕ್ಕಿತು.

ಓದು ಮೂರು ನಿಮಿಷವೂ ಇರಲಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ, ಸುಮ್ಮನೆ ಕೂತಿದ್ದೆವು. ಇಳಿದು ಬರುವಾಗ ಅಕ್ಕ ನಮ್ಮನ್ನು ನೋಡಿದ ನೋಟ ನಿಮಗೆ ಹೇಗೆ ಹೇಳಲಿ! ಮದುವೆಯ ಮನೆಯಲ್ಲಿ ತವರಿನವರು ಬಂದದ್ದನ್ನು ಕಂಡ ಹೆಣ್ಣಿನ ಮುಖ ಇರುತ್ತದಲ್ಲ, ಹಾಗೆ.

ಕೊನೆಗೆ ದೀಪಗಳನ್ನೆಲ್ಲ ಆರಿಸಿ, ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿ ಹಚ್ಚುತ್ತಾ 'ಸೈಲೆಂಟ್ ನೈಟ್' ಹಾಡಿದರು. 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ, ಜರ್ಮನ್ ಭಾಷೆಯಲ್ಲಿ ಮೊದಲು ಹಾಡಿದ್ದು. ಈಗ ಅದು ಬಹಳ ಭಾಷೆಗಳಲ್ಲಿದೆ. ಸುತ್ತ ಎಲ್ಲ ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. ನನ್ನ ಪಕ್ಕ ಕೂತಿದ್ದ ಅಕ್ಕ ಅದೇ ಧಾಟಿಗೆ ಮೆಲ್ಲಗೆ ಕನ್ನಡದಲ್ಲಿ ಹಾಡಿಕೊಳ್ಳುತ್ತಿದ್ದರು. ಪುಸ್ತಕ ಬೇಕಿರಲಿಲ್ಲ. ತಾಯಿ ಕಲಿಸಿದ ಹಾಡು ಬಾಯಲ್ಲೇ ಇತ್ತು.

ಹೊರಗೆ ಬಂದಾಗ ಎಂಟು ಗಂಟೆ. ಊಟ ನನ್ನದು ಎಂದು ಅಕ್ಕ ಹಟ ಹಿಡಿದರು. ಅಜ್ಜಿ ಇರುವುದರಿಂದ ಶುದ್ಧ ಸಸ್ಯಾಹಾರಿ ಹೋಟೆಲೇ ಆಗಬೇಕು. ಡಿಸೆಂಬರಿನ ಭಾನುವಾರ, ಸಿಕಂದರಾಬಾದು, ಎಂಟು ಜನರಿಗೆ ಒಂದೇ ಮೇಜು! ಮೊದಲನೆಯ ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕು ಎಂದರು. ಎರಡನೆಯದರಲ್ಲೂ ಹೊರಗೆ ಸಾಲು. ಅಕ್ಕ ನಗುತ್ತಾ, "ನೋಡ್ರವಾ, ಈಗಷ್ಟ ಓದಿ ಬಂದೀನಿ, ಛತ್ರದಾಗ ಜಾಗ ಇಲ್ಲ ಅಂತ!" ಎಂದರು. ಅಷ್ಟು ಹಸಿವಿನಲ್ಲೂ ಎಲ್ಲರೂ ನಕ್ಕೆವು. ಮೂರನೆಯ ಹೋಟೆಲಿನಲ್ಲಿ ಎರಡು ಮೇಜು ಕೂಡಿಸಿ ಕೂರಿಸಿದರು.

ಸಪ್ಲೈಯರ್ ಬಂದು ಏನು ಬೇಕಮ್ಮ ಎಂದು ಕೇಳಿದ. ನಮ್ಮಲ್ಲಿ ಐದು ಜನ ಒಂದೇ ಉತ್ತರ ಕೊಟ್ಟರು: "ಏನಾದರೂ ಆಗುತ್ತೆ." ನಗಬೇಡಿ, ನೀವೂ ಅದನ್ನೇ ಹೇಳುತ್ತೀರಿ! ಮನೆಯಲ್ಲಿ ಎಲ್ಲರಿಗೂ ಏನು ಬೇಕೆಂದು ಕೇಳಿ ಮಾಡಿ, ಉಳಿದದ್ದನ್ನು ಉಣ್ಣುವ ನಮಗೆ ನಮಗೇನು ಬೇಕೆಂದು ಯಾರು ಕೇಳಿದ್ದಾರೆ? ಅಕ್ಕ ಬಿಡಲಿಲ್ಲ. ಒಬ್ಬೊಬ್ಬರೂ ಮೆನು ನೋಡಿ ತಮಗೆ ಬೇಕಾದದ್ದರ ಹೆಸರು ಹೇಳಲೇಬೇಕು, ಇನ್ನೊಬ್ಬರದ್ದು ನನಗೂ ಎನ್ನುವಂತಿಲ್ಲ ಎಂದರು. ಹತ್ತು ನಿಮಿಷ ಹಿಡಿಯಿತು. ಒಬ್ಬರು ಬಗಾರಾ ಬೈಂಗನ್ ಜೊತೆ ರೋಟಿ, ಒಬ್ಬರು ವೆಜ್ ಬಿರಿಯಾನಿ, ಒಬ್ಬರು ರವೆ ದೋಸೆ, ಇನ್ನೊಬ್ಬರು ಬರೀ ಖುಬಾನಿ ಕಾ ಮೀಠಾ. ಊಟಕ್ಕೆ ಬರೀ ಸಿಹಿಯೇ ಎಂದರೆ, ನನಗೆ ಬೇಕಾದದ್ದು ಇದೇ ಎಂದರು. ಅಜ್ಜಿ ಹೊರಗಿನ ಬೇಯಿಸಿದ್ದು ತಿನ್ನುವವರಲ್ಲ. ಬಿಸಿ ಹಾಲು, ಬಾಳೆಹಣ್ಣು ತರಿಸಿಕೊಂಡು, ಎಲ್ಲರ ತಟ್ಟೆಯನ್ನೂ ನೋಡುತ್ತಾ, ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾ ಕೂತರು. ಅವರು ತಿನ್ನದಿದ್ದುದಕ್ಕೆ ಯಾರೂ ಬಲವಂತ ಮಾಡಲಿಲ್ಲ, ನಾವು ತಿಂದದ್ದಕ್ಕೆ ಅವರು ಮುಖ ಸಿಂಡರಿಸಲಿಲ್ಲ.

ಹೆಂಗಸರು ಹೋಟೆಲಿಗೆ ಹೋಗುವುದೇ ಒಂದು ಕಾಲದಲ್ಲಿ ದೊಡ್ಡ ಮಾತಾಗಿತ್ತು. ಹೈದರಾಬಾದಿನ ಇರಾನಿ ಹೋಟೆಲುಗಳಲ್ಲಿ, ನಮ್ಮ ಉಡುಪಿ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಎಂದು ಪರದೆ ಹಾಕಿದ ಗೂಡುಗಳಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅಲ್ಲಿಗೂ ಗಂಡಸಿನ ಜೊತೆ ಹೋಗಬೇಕು. ಅದಕ್ಕಿಂತ ಮುಂಚೆ, ಹೋಟೆಲುಗಳಲ್ಲಿ ಜಾತಿಗೊಂದು ಕೋಣೆ ಇದ್ದ ಕಾಲವೂ ಇತ್ತು. ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದ ಶರಣರು ದಾಸೋಹದಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರು. ಬಸವಕಲ್ಯಾಣ ಇರುವುದು ಬೀದರ ಜಿಲ್ಲೆಯಲ್ಲಿ, ಆ ಬೀದರ, ಕಲಬುರ್ಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದು ರಾಜ್ಯದಲ್ಲಿದ್ದವು. ಸಿಖ್ಖರ ಲಂಗರಿನಲ್ಲೂ ನೆಲದ ಮೇಲೆ ಒಂದೇ ಸಾಲು. ಚರ್ಚಿನ ರೊಟ್ಟಿ-ದ್ರಾಕ್ಷಾರಸದ ವಿಧಿಯ ಹೆಸರೇ ಕನ್ನಡದಲ್ಲಿ ಕರ್ತನ ಭೋಜನ. ದೇವರ ಹೆಸರು ಹೇಳಿದ ಕಡೆಯಲ್ಲೆಲ್ಲ ಊಟದ ಮಾತು ಬಂದೇ ಬರುತ್ತದೆ. ಒಟ್ಟಿಗೆ ಕುಳಿತು ಉಣ್ಣುವುದು ಎಲ್ಲ ಧರ್ಮದವರಿಗೂ ಕಷ್ಟದ ಪಾಠವಾಗಿದ್ದಿರಬೇಕು, ಇಲ್ಲದಿದ್ದರೆ ಇಷ್ಟು ಸಲ ಹೇಳುತ್ತಿರಲಿಲ್ಲ.

ಆ ಮೇಜಿನಲ್ಲೇ ಅಕ್ಕ ಒಂದು ಮಾತು ಹೇಳಿದರು. ಇಲ್ಲಿನ ಚರ್ಚಿನಲ್ಲಿ ಅವರನ್ನು "ಕನ್ನಡ ಆಂಟಿ" ಎನ್ನುತ್ತಾರಂತೆ. ಕನ್ನಡದವರ ನಡುವೆ ಬಂದರೆ "ಕ್ರಿಶ್ಚಿಯನ್ ಆಂಟಿ." "ಎರಡೂ ಖರೇನ. ಆದ್ರ ಎರಡೂ ಕೂಡಿದ ಒಂದು ಜಾಗಾ ನನಗ ಇವತ್ತ ಸಿಕ್ತು ನೋಡ್ರಿ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಿಹಿ ತಿನ್ನುತ್ತಿದ್ದವರು ತಮ್ಮ ಬಟ್ಟಲನ್ನು ಅಕ್ಕನ ಕಡೆ ಸರಿಸಿದರು.

ಬಿಲ್ಲು 2,160 ರೂಪಾಯಿ. ಅಕ್ಕ ಕೊಡುತ್ತೇನೆ ಎಂದರು, ನಾವು ಬಿಡಲಿಲ್ಲ. ತಲೆಗೆ 270. ಬರೀ ಹಾಲು ಕುಡಿದ ಅಜ್ಜಿಯೂ ತಮ್ಮ ಪಾಲು ಕೊಟ್ಟೇ ತೀರುತ್ತೇನೆಂದು ಪರ್ಸಿನಿಂದ ನೋಟು ಎಣಿಸಿದರು. ಕೆಲವರು ಫೋನಿನಲ್ಲಿ ಕಳಿಸಿದರು. ಒಬ್ಬ ಗೆಳತಿ ಮಾತ್ರ ಫೋನು ಹಿಡಿದು ಸುಮ್ಮನೆ ಕೂತಿದ್ದರು. ಅವರ ಫೋನಿನಲ್ಲಿ ಹಣ ಕಳಿಸುವ ವ್ಯವಸ್ಥೆಯೇ ಇಲ್ಲ, ಮನೆಯ ಖರ್ಚೆಲ್ಲ ಯಜಮಾನರ ಕೈಯಲ್ಲಿ. ಮರುದಿನವೇ ನಮ್ಮಲ್ಲಿ ಒಬ್ಬರು ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಈಗ ತರಕಾರಿ ಗಾಡಿಯವನಿಗೂ ಅವರೇ ಸ್ಕ್ಯಾನ್ ಮಾಡುತ್ತಾರೆ. ಚರ್ಚಿಗೆ ಹೋದದ್ದರಿಂದ ಬದಲಾದವರು ಯಾರು ಎಂದು ಕೇಳಿದರೆ ನಾನು ಇವರನ್ನು ತೋರಿಸುತ್ತೇನೆ.

ವಾಪಸು ಬರುವಾಗ ಹತ್ತು ಗಂಟೆ ದಾಟಿತ್ತು. ಎಂಟು ಜನ ಒಟ್ಟಿಗೆ ಇದ್ದದ್ದರಿಂದ ಅಂಜಿಕೆಯಾಗಲಿಲ್ಲ. ಆದರೂ ನಾವು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ. ಎಲ್ಲರ ಲೊಕೇಶನ್ ಮನೆಯವರಿಗೆ ಕಳಿಸಿದ್ದೆವು, ಬಸ್ಸು ತಡವಾದರೆ ಎರಡು ಕ್ಯಾಬ್ ಮಾಡಿ ಜೊತೆಜೊತೆಗೆ ಹೊರಡುವುದು ಎಂದು ಮೊದಲೇ ಮಾತಾಗಿತ್ತು. ತುರ್ತಿಗೆ 112 ಇದ್ದೇ ಇದೆ. ಮನೆಯಲ್ಲಿ ಏನಂದರು ಎಂದು ಕೇಳಿದಿರಿ. ಅನ್ನ ಸಾರು ಮಾಡಿಟ್ಟು ಹೋಗಿದ್ದೆ. ನಮ್ಮ ಯಜಮಾನರು ಸಾರು ಬಿಸಿ ಮಾಡಿಕೊಂಡು ಉಂಡು, ಪಾತ್ರೆಯನ್ನೂ ತೊಳೆದಿಟ್ಟಿದ್ದರು. ಇದನ್ನು ಅವರ ಎದುರಿಗೇ ಹೇಳುತ್ತಿದ್ದೇನೆ, ಮುಂದಿನ ಸಲಕ್ಕೂ ಅನುಕೂಲವಾಗಲಿ ಎಂದು.

ಈಗ ವೇದಿಕೆಯ ಮುಂದೆ ಮೂರು ಸಲಹೆ ಇಡುತ್ತೇನೆ.

ಮೊದಲನೆಯದು. ಬರುವ ರಾಜ್ಯೋತ್ಸವದಲ್ಲಿ 'ನಮ್ಮ ಮನೆಯ ಪುಸ್ತಕ' ಎಂದು ಅರ್ಧ ಗಂಟೆ ಇಡೋಣ. ಪ್ರತಿ ಮನೆಯ ಹಿರಿಯರೊಬ್ಬರು ತಮ್ಮ ಮನೆಯಲ್ಲಿ ಭಕ್ತಿಯಿಂದ ಇಟ್ಟುಕೊಂಡ ಕನ್ನಡ ಪುಸ್ತಕದಿಂದ ಎರಡು ನಿಮಿಷ ಗಟ್ಟಿಯಾಗಿ ಓದಲಿ. ವಚನ, ದಾಸರ ಪದ, ಕುಮಾರವ್ಯಾಸ, ಬೈಬಲ್, ಕನ್ನಡದಲ್ಲಿರುವ ಕುರಾನ್, ಜೈನರ ಸ್ತೋತ್ರ, ಯಾವುದಾದರೂ ಸರಿ. ಪಕ್ಕದಲ್ಲಿ ಆ ಮನೆಯ ಮಗುವೊಂದು ನಿಂತಿರಲಿ.

ಎರಡನೆಯದು ಆ ಮೊಮ್ಮಗಳು ಕಲಿಸಿದ ಪಾಠ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು 'ಅ'ದಿಂದ ಶುರುಮಾಡಿ ವರ್ಷಗಟ್ಟಲೆ ಎಳೆಯಬೇಕಾಗಿಲ್ಲ. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿತೇ ಕಲಿಯುತ್ತಾರೆ. ತೆಲುಗಿನ ಪಕ್ಕದಲ್ಲಿ ಕನ್ನಡ ಇಟ್ಟು, ಬೇರೆಯಾಗಿರುವ ಅಕ್ಷರಗಳನ್ನಷ್ಟೇ ಹೇಳಿಕೊಟ್ಟರೆ ಬೇಸಿಗೆ ರಜೆಯ ಕೆಲವು ವಾರಗಳು ಸಾಕು. ಏಪ್ರಿಲ್‌ನಲ್ಲಿ ತರಗತಿ ನಡೆಸಲು ನಾನು ಹೆಸರು ಕೊಡುತ್ತೇನೆ, ಇನ್ನಿಬ್ಬರು ಬೇಕು. ಮೊದಲ ವಿದ್ಯಾರ್ಥಿನಿ ಆಗಲೇ ಸಿದ್ಧಳಿದ್ದಾಳೆ.

ಮೂರನೆಯದು, ಮೂರು ತಿಂಗಳಿಗೊಂದು ಸಂಜೆ. ಯಾರಾದರೂ ಒಬ್ಬ ಸದಸ್ಯೆ ತಾವು ನಂಬುವ ಜಾಗಕ್ಕೆ ಉಳಿದವರನ್ನು ಕರೆಯಲಿ. ಗುಡಿ, ಮಠ, ಬಸದಿ, ದರ್ಗಾ, ಚರ್ಚು, ಗುರುದ್ವಾರ. ಅಲ್ಲಿ ಒಂದು ಗಂಟೆ ಕುಳಿತು, ಆಮೇಲೆ ಹೊರಗೆ ಒಂದು ಊಟ, ಖರ್ಚು ಸಮಪಾಲು. ಬರಲು ಇಷ್ಟವಿಲ್ಲದವರು ಬರಬೇಕಾಗಿಲ್ಲ. ಬಂದವರು ತಮಗೆ ಬೇಕಾದ ತಿಂಡಿಯ ಹೆಸರನ್ನು ಮಾತ್ರ ತಾವೇ ಹೇಳಬೇಕು!

ಮಾರ್ಚ್ ತಿಂಗಳ ಸಂಜೆಗೆ ಈಗಾಗಲೇ ನಮ್ಮ ಅಜ್ಜಿ ಕರೆ ಕೊಟ್ಟಿದ್ದಾರೆ, ಅವರ ಮಠದಲ್ಲಿ ಹರಿಕಥೆ ಇದೆಯಂತೆ. ಅಕ್ಕ ಬರುತ್ತೇನೆಂದು ಒಪ್ಪಿಕೊಂಡಿದ್ದಾರೆ. ಯಾರ್ಯಾರು ಬರುತ್ತೀರೋ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ.